ತಾನೇ ತುಂಬಿದ ಪೆಟ್ಟಿಗೆ

ವಿಮಾನ ನಿಲ್ದಾಣದ ನೆಲಮಾಳಿಗೆಯಲ್ಲಿ ಎಲ್ಲರೂ ಅವಳನ್ನು ಹದ್ದಕ್ಕ ಎಂದೇ ಕರೆಯುತ್ತಿದ್ದರು. ಅಂಥ ಕಣ್ಣು! ಪ್ರಯಾಣಿಕರು ಕೌಂಟರಿನಲ್ಲಿ ಕೊಟ್ಟ ಪೆಟ್ಟಿಗೆಗಳು ಬೆಲ್ಟಿನ ಮೇಲೆ ಸಾಗಿ ಎಕ್ಸ್‌ರೇ ಯಂತ್ರದೊಳಗೆ ಹಾದರೆ, ಅವುಗಳ ಹೊಟ್ಟೆಯಲ್ಲಿರುವುದೆಲ್ಲ ಅವಳ ಪರದೆಯ ಮೇಲೆ ಬಣ್ಣಬಣ್ಣವಾಗಿ ಮೂಡುತ್ತಿತ್ತು. ಹತ್ತೊಂಬತ್ತು ವರ್ಷ, ಒಂದೇ ಒಂದು ತಪ್ಪಿಲ್ಲ. ಅದಕ್ಕೇ ಮುಂದಿನ ವಾರದಿಂದ ಹೊಸಬರಿಗೆ ಪಾಠ ಹೇಳುವ ಕೆಲಸ ಅವಳಿಗೆ ಎಂದು ಅಧಿಕಾರಿ ಹೇಳಿದ್ದರು. ಮನೆಯಲ್ಲಿ ಸಿಕ್ಕಸಿಕ್ಕವರ ಮುಂದೆಲ್ಲ ಅವಳು ಕೊಚ್ಚಿಕೊಂಡಿದ್ದಳು. ಕೊಚ್ಚಿಕೊಳ್ಳಲಿ ಬಿಡಿ, ದುಡಿದು ಗಳಿಸಿದ್ದಲ್ಲವೇ!

ಆ ಬೆಳಿಗ್ಗೆ ಪರದೆಗೆ ಬಂದ ಒಂದು ಪೆಟ್ಟಿಗೆ ನೋಡಿ ಅವಳಿಗೆ ನಗು ಬಂತು. ಭಾರದ್ದು ತಳಕ್ಕೆ, ವೈರುಗಳೆಲ್ಲ ಒಂದೇ ಮೂಲೆಗೆ. ಪರದೆಯ ಮುಂದೆ ಕೂತವರಿಗೆ ತೊಂದರೆಯಾಗಬಾರದೆಂದು ಹೀಗೆ ತುಂಬುವವಳು ಊರಿಗೆಲ್ಲ ತಾನೊಬ್ಬಳೇ. ಮಗಳ ಹೆರಿಗೆಗೆಂದು ಹೊರಟ ತನ್ನ ಅಕ್ಕನಿಗೆ ಹಿಂದಿನ ರಾತ್ರಿ ತಾನೇ ತುಂಬಿಕೊಟ್ಟ ಪೆಟ್ಟಿಗೆ ಅದು. ಅಷ್ಟರಲ್ಲಿ ನಗು ಅಲ್ಲೇ ನಿಂತಿತು. ಸ್ವೆಟರಿನ ಮಡಿಕೆಯಲ್ಲಿ, ಒಂದೇ ಡಬ್ಬಿಯೊಳಗೆ ನಾಲ್ಕು ಬ್ಯಾಟರಿ ಸಾಲಾಗಿ ಕೂತಿದ್ದವು. ಪವರ್‌ಬ್ಯಾಂಕ್! ವಿಮಾನದ ಹೊಟ್ಟೆಯಲ್ಲಿ ಹೊತ್ತಿಕೊಂಡರೆ ನೋಡುವವರೇ ಇರುವುದಿಲ್ಲ. ಅದು ಕೈಚೀಲದಲ್ಲೇ ಹೋಗಬೇಕು. ಅಕ್ಕನ ಸ್ವೆಟರಿನ ಜೇಬು ಮುಟ್ಟಿಯೂ ನೋಡದೆ ಒಳಗೆ ತುರುಕಿದ್ದು ತಾನೇ.

ಬಿಟ್ಟರೆ ಯಾರಿಗೂ ಗೊತ್ತಾಗದು. ಕೈ ಒಂದು ಕ್ಷಣ ತಡೆಯಿತು, ಸುಳ್ಳೇಕೆ ಹೇಳಲಿ? ಆಮೇಲೆ ಪೆಟ್ಟಿಗೆ ತಡೆಯುವ ಗುಂಡಿ ಒತ್ತಿದಳು. ಕೂತವರು ಎಚ್ಚರವಾಗಿದ್ದಾರೋ ಇಲ್ಲವೋ ನೋಡಲು ಯಂತ್ರವೇ ಆಗಾಗ ಸುಳ್ಳು ಚಿತ್ರ ತೂರಿಸಿ, ಗುಂಡಿ ಒತ್ತಿದ ಕೂಡಲೇ ಇದು ಪರೀಕ್ಷೆ ಎಂದು ತೋರಿಸುವುದುಂಟು. ದೇವರೇ, ಪರೀಕ್ಷೆಯೇ ಆಗಿರಲಿ ಎಂದುಕೊಂಡಳು. ಯಂತ್ರ ತುಟಿಪಿಟಕ್ಕೆನ್ನಲಿಲ್ಲ.

ಅಕ್ಕನನ್ನು ತಪಾಸಣೆ ಕೋಣೆಗೆ ಕರೆಸಿದರು. ಹದ್ದಕ್ಕನೂ ಹೋಗಿ ಬಾಗಿಲಲ್ಲಿ ನಿಂತಳು.

"ಪೆಟ್ಟಿಗೆ ಯಾರಮ್ಮ ತುಂಬಿದ್ದು?" ಅಧಿಕಾರಿ ಕೇಳಿದರು.

ತಂಗಿಯ ಮುಖ ನೋಡಿದ್ದೇ ಅಕ್ಕನಿಗೆ ಎಲ್ಲ ಅರ್ಥವಾಯಿತು. "ನಾನೇ ಸಾರ್. ವಯಸ್ಸಾಯ್ತಲ್ಲ, ಮರೆತೋಯ್ತು."

"ಸುಳ್ಳು ಸಾರ್," ಎಂದಳು ಹದ್ದಕ್ಕ. "ಇವಳು ನಮ್ಮಕ್ಕ. ತುಂಬಿದ್ದು ನಾನು. ಹಾಗೇ ಬರ್ಕೊಳ್ಳಿ."

"ಏ, ನಿಂಗೇನು ಹುಚ್ಚಾ? ಪಾಠ ಹೇಳೋ ಕೆಲ್ಸ ಹೋಗತ್ತೆ ಕಣೇ!"

"ನೀನು ಸುಮ್ನಿರಕ್ಕ."

ಅಧಿಕಾರಿ ಬರೆದುಕೊಂಡರು. "ಇನ್ನು ನನ್ನ ಕೈಲೇನಿಲ್ಲಮ್ಮ. ಮೇಲಿನವರು ಏನಂತಾರೋ."

"ಅನ್ಲಿ ಸಾರ್. ಕೆಲ್ಸ ಕೊಟ್ರೆ ಮೊದಲನೇ ದಿನ ಇದೇ ಪೆಟ್ಟಿಗೆ ಚಿತ್ರ ತೋರಿಸ್ತೀನಿ. ಯಾರು ತುಂಬಿದ್ದು ಅಂತಾನೂ ಹೇಳ್ತೀನಿ."

ಅಕ್ಕ ಪವರ್‌ಬ್ಯಾಂಕನ್ನು ಕೈಚೀಲಕ್ಕೆ ಹಾಕಿಕೊಂಡು, ತಂಗಿಯ ಕೆನ್ನೆ ಗಟ್ಟಿಯಾಗಿ ಹಿಂಡಿ, ವಿಮಾನ ಹತ್ತಲು ಓಡಿದಳು. ಹದ್ದಕ್ಕ ಕಣ್ಣೊರೆಸಿಕೊಂಡಳು. ಕಣ್ಣು ಮಂಜಾದರೆ ಪರದೆ ಕಾಣುವುದಿಲ್ಲವಲ್ಲ, ಮುಂದಿನ ಪೆಟ್ಟಿಗೆ ಆಗಲೇ ಬಂದು ನಿಂತಿತ್ತು.