ಕ್ಲಚ್ಚತ್ತೆ ಕಾರು ತೊಳೆಯುವಾಗ

ಅಂಗಳದ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟ ಸದ್ದಾದರೆ ಸಾಕು, ನನ್ನ ಮಗಳು ಬಾಯಲ್ಲಿದ್ದ ತುತ್ತನ್ನೂ ನುಂಗದೆ ನನ್ನ ಮಡಿಲಿಂದ ಜಾರಿಕೊಳ್ಳುತ್ತಾಳೆ. ಅವಳನ್ನು ನಾವು ಬುಗುರಿ ಎನ್ನುತ್ತೇವೆ, ನಿಂತಲ್ಲಿ ನಿಲ್ಲುವವಳಲ್ಲ. ಆದರೆ ಭಾನುವಾರ ಬೆಳಿಗ್ಗೆ ಕ್ಲಚ್ಚತ್ತೆಯ ಕಾರಿನ ಪಕ್ಕದಲ್ಲಿ ಮಾತ್ರ ನೆಟ್ಟ ಗೂಟದ ಹಾಗೆ ನಿಂತುಬಿಡುತ್ತಾಳೆ. ಹೆತ್ತವಳು ನಾನು, ಹಿಂದೆ ಹಿಂದೆ ಓಡಿ ತುತ್ತಿಡುವವಳು ನಾನು. ಅವಳ ಕಣ್ಣು ಮಾತ್ರ ಅಲ್ಲಿ, ನೊರೆಯ ಮೇಲೆ. ಕಿಟಕಿಯಲ್ಲಿ ತಟ್ಟೆ ಹಿಡಿದು ನಿಂತ ನನಗೆ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಾಗುತ್ತದೆ.

ಕ್ಲಚ್ಚತ್ತೆ ನನ್ನ ಗಂಡನ ಅಕ್ಕ, ನನಗೆ ಅತ್ತಿಗೆ. ಮಹಡಿಯ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಡ್ರೈವಿಂಗ್ ಕಲಿಸುವುದು ಅವರ ಕೆಲಸ. ಅವರ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಕಾರು ಬೀದಿಯ ತಿರುವಿಗೆ ಬರುವ ಮುಂಚೆಯೇ ಅವರ ದನಿ ಬರುತ್ತದೆ: "ಕ್ಲಚ್ಚು... ಕ್ಲಚ್ಚು... ಅಯ್ಯೋ, ಕ್ಲಚ್ಚೂ!" ಹೆಸರಿಟ್ಟವರು ಬೀದಿಯ ಮಕ್ಕಳು. ಇವರು ಬೇಜಾರು ಮಾಡಿಕೊಳ್ಳಲಿಲ್ಲ. ಈಗ ಫೋನ್ ಎತ್ತಿದರೂ "ಹಲೋ, ಕ್ಲಚ್ಚತ್ತೆ" ಎಂದೇ ಹೇಳುತ್ತಾರೆ.

ಅವರ ಅಪ್ಪನಿಗೆ ಒಂದು ಸಾಮಾನು ಸಾಗಿಸುವ ವ್ಯಾನ್ ಇತ್ತಂತೆ. ಮಗಳಿಗೆ ಅದನ್ನು ಓಡಿಸುವ ಹುಚ್ಚು. "ಸ್ಟೀರಿಂಗ್ ಮುಟ್ಟಿದ್ರೆ ಕೈ ಮುರೀತೀನಿ. ಬೇಕಿದ್ರೆ ತೊಳಿ" ಎಂದರಂತೆ ಅಪ್ಪ. ತೊಳೆಯತೊಡಗಿದರು. ಆದರೆ ಬಿಸಿಲಲ್ಲಿ ತೊಳೆದರೆ ನೀರು ಒಣಗಿ ಬಿಳಿ ಕಲೆ ಉಳಿಯುತ್ತದೆ, ಗಾಡಿ ನೆರಳಲ್ಲಿರಬೇಕು ಎಂದು ಹಟ ಹಿಡಿದರು. ನೆರಳಿಗೆ ಸರಿಸಲು ಮಾತ್ರ ಕೀಲಿ ಕೈಗೆ ಬಂತು. ನೆರಳು ಒಂದೇ ಕಡೆ ನಿಲ್ಲುತ್ತದೆಯೇ? ಅದು ಸರಿದ ಹಾಗೆಲ್ಲ ವ್ಯಾನೂ ಸರಿಯಿತು, ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ. "ಮೂರನೇ ಗೇರಿನ ಮುಖ ನೋಡೋಕೆ ಮುಂಚೆ ರಿವರ್ಸ್ ಕರಗತ ಆಗಿತ್ತು ಕಣೇ ನಂಗೆ" ಎನ್ನುತ್ತಾರೆ. ಅಷ್ಟು ಫಳಫಳ ಹೊಳೆಯುವ ಸಾಮಾನಿನ ಗಾಡಿ ಸುತ್ತಮುತ್ತ ಇರಲಿಲ್ಲವಂತೆ. ಮುಂದೆ ತಮ್ಮ ದೊಡ್ಡವನಾದ. ಒಂದು ಚಕ್ರಕ್ಕೂ ಒಂದು ಚೊಂಬು ನೀರು ಹಾಕದ ನನ್ನ ಗಂಡನ ಕೈಗೆ ಅಪ್ಪ ತಾವೇ ಕರೆದು ಕೀಲಿ ಕೊಟ್ಟರು. ಇದನ್ನು ಹೇಳುವಾಗ ಅತ್ತಿಗೆಯವರು ನಗುತ್ತಾರೆ, ಆದರೆ ಬಟ್ಟೆ ಹಿಂಡುವ ಕೈ ಸ್ವಲ್ಪ ಜೋರಾಗುತ್ತದೆ.

ಬುಗುರಿಗೆ ಎರಡು ತುಂಬಿತು. ಇನ್ನೂ ಒಂದು ಮಾತಿಲ್ಲ. ಕಿವಿ ಚೆನ್ನಾಗಿದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಕಾಯೋಣ ಎಂದಿದ್ದಾರೆ ಡಾಕ್ಟರು. ಕಾಯುವುದು ಡಾಕ್ಟರಿಗೆ ಸುಲಭ. ನಾನು ದಿನಾ ಚಿತ್ರದ ಕಾರ್ಡು ಹರಡಿಕೊಂಡು, ತುಟಿ ಒತ್ತಿ ಬಿಡಿಸಿ, "ಅಮ್ಮ... ಅಮ್ಮ ಅನ್ನು ಕಂದಾ" ಎನ್ನುತ್ತೇನೆ. ಅವಳು ನನ್ನ ತುಟಿ ನೋಡುತ್ತಾಳೆ, ಕಾರ್ಡಿನ ಮೂಲೆ ಕಚ್ಚುತ್ತಾಳೆ. ಮೊದಲ ಮಾತು "ಅಮ್ಮ" ಆಗಬೇಕು. ಇದೊಂದು ನನಗೆ ಬೇಕು. ಮಿಕ್ಕಿದ್ದೆಲ್ಲ ಯಾರಾದರೂ ತೆಗೆದುಕೊಳ್ಳಲಿ.

ಕಾರ್ಡು ಮಡಿಸಿಟ್ಟ ಮೇಲೆ ನನ್ನ ಬಾಯಲ್ಲಿ ಉಳಿಯುವುದು ಒಂದೇ ಪದ: ಹುಷಾರು. ಮೆಟ್ಟಿಲು, ಹುಷಾರು. ಬಾಗಿಲ ಸಂದಿ, ಹುಷಾರು. ಬಿಸಿ ಹಾಲು, ಹುಷಾರು.

"ನನ್ನ ಕಾರಲ್ಲಿ ಆ ಪದಕ್ಕೆ ಜಾಗ ಇಲ್ಲ" ಎಂದು ಅತ್ತಿಗೆಯವರು ಅಣಕಿಸುತ್ತಾರೆ. "ಹುಷಾರು ಅಂದ್ರೆ ಕಲಿಯೋರು ಕೈಕಾಲು ಮರಗಟ್ಟಿ ಕೂತ್ಬಿಡ್ತಾರೆ. ಏನು ಮಾಡ್ಬೇಕೋ ಅದನ್ನ ಹೇಳ್ಬೇಕು."

"ನಿಮಗೇನಕ್ಕ, ಕಾಲ ಬುಡದಲ್ಲಿ ಇನ್ನೊಂದು ಬ್ರೇಕಿದೆ. ನನಗೆಲ್ಲಿದೆ?" ಎಂದೆ ಒಮ್ಮೆ.

ಕಳೆದ ಭಾನುವಾರವೂ ಬಕೆಟ್ಟಿನ ಸದ್ದಾಯಿತು, ಬುಗುರಿ ಜಾರಿಕೊಂಡಳು. ಅತ್ತಿಗೆಯವರು ಮೇಲಿನಿಂದ ಕೆಳಕ್ಕೆ ನೊರೆ ಇಳಿಸಿ, ಚಕ್ರಗಳನ್ನು ಕೊನೆಗೆ ಬೇರೆ ಬಟ್ಟೆಯಲ್ಲಿ ತಿಕ್ಕಿ, ಮೈಯೆಲ್ಲ ಒರೆಸಿದರು. ವಾರವಿಡೀ ಕಲಿಯುವವರ ಕೈಯಲ್ಲಿ ಸಿಕ್ಕಿ ಅಲ್ಲಲ್ಲಿ ನೆಗ್ಗಿದ ಬಡಪಾಯಿ ಕಾರಿಗೆ ಸ್ನಾನವಾದ ಮೇಲೆ ನೆಗ್ಗಿದ್ದೆಲ್ಲ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಹೊಳಪು ಕೊಡುವ ವ್ಯಾಕ್ಸ್ ಡಬ್ಬಿ ತೆರೆದು, ಪುಟ್ಟ ಸ್ಪಂಜಿನಲ್ಲಿ ತೆಳ್ಳಗೆ ಸುತ್ತಿ ಸುತ್ತಿ ಹಚ್ಚತೊಡಗಿದರು. ಇನ್ನೊಂದು ಒಣ ಸ್ಪಂಜು ಬುಗುರಿಯ ಕೈಯಲ್ಲಿ. ಅವಳೂ ಸುತ್ತುತ್ತಿದ್ದಳು.

ನಾನು ಮಗುವಿಗೆ ಟೋಪಿ ಹಾಕೋಣವೆಂದು ಹೊರಗೆ ಬಂದೆ. ಕಾರಿನ ಆಚೆ ಬದಿಯಿಂದ ಅತ್ತಿಗೆಯವರ ಮೆಲುದನಿ ಕೇಳಿಸಿತು. ಕೈಯ ಒಂದೊಂದು ಸುತ್ತಿಗೂ ಒಂದೊಂದು ಸಲ: "ಅ...ತ್ತೆ. ಅ...ತ್ತೆ."

ನನ್ನ ಮೈ ಉರಿದುಹೋಯಿತು.

"ಏನಕ್ಕ ಹೇಳಿಕೊಡ್ತಿದ್ದೀರಿ?"

"ವ್ಯಾಕ್ಸ್ ಹಚ್ಚೋದು."

"ಅತ್ತೆ ಅಂತ ಹೇಳಿದ್ರೇನೇ ಹತ್ತೋ ವ್ಯಾಕ್ಸಾ ಅದು?"

ಅವರು ಬಾನೆಟ್ಟಿನ ಹಿಂದಿಂದ ತಲೆ ಎತ್ತಿದರು. "ಸಿಕ್ಕಿಬಿದ್ದೆ" ಎಂದು ನಕ್ಕರು. ನಾನು ನಗಲಿಲ್ಲ. ಅವರ ನಗುವೂ ಇಳಿಯಿತು. "ಅಮ್ಮ ಅನ್ನೋದನ್ನ ನೀನು ಸಾಯೋವರೆಗೂ ಕೇಳ್ತೀಯಲ್ಲೇ. ಈ ಮನೇಲಿ ಒಂದಾದ್ರೂ ಮೊದಲು ನಂಗೆ ಸಿಗ್ಲಿ ಅಂತ ಆಸೆಪಟ್ಟೆ. ತಪ್ಪಾ?"

"ಬಾರೇ ಒಳಗೆ" ಎಂದು ಬುಗುರಿಯ ರಟ್ಟೆ ಹಿಡಿದೆ. ಅವಳು ಸ್ಪಂಜು ಎದೆಗವುಚಿಕೊಂಡು ಕಾರಿನ ಬಾಗಿಲ ಹಿಡಿಗೆ ಜೋತುಬಿದ್ದಳು.

"ಕರ್ಕೊಂಡ್ಹೋಗು, ಕರ್ಕೊಂಡ್ಹೋಗು. ನಿನ್ನ ಸೊತ್ತು" ಎಂದು ಅತ್ತಿಗೆಯವರು ಮುಖ ತಿರುಗಿಸಿ, ವ್ಯಾಕ್ಸ್ ಒಣಗಿ ಪೌಡರ್ ಬಳಿದಂತೆ ಮಂಕಾಗಿದ್ದ ಬಾಗಿಲನ್ನು ಬಟ್ಟೆಯಿಂದ ಒರೆಸಿದರು. ಅಡಿಯಿಂದ ಹೊಳಪು ಎದ್ದು ಬಂತು. ಎಂಥ ಸಿಟ್ಟಿದ್ದರೂ ಹೊಳಪನ್ನು ದೂರದಿಂದ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ತಲೆ ಓರೆ ಮಾಡಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದರು. ಹಿಂದೆ ಕೊಳೆನೀರಿನ ಬಕೆಟ್ಟಿತ್ತು. ನಾನು ಮಗುವಿನ ಬೆರಳು ಬಿಡಿಸುವುದರಲ್ಲಿದ್ದೆ, ನೋಡಲಿಲ್ಲ.

"ಉಚಾಲೂ!"

ಅತ್ತಿಗೆಯವರ ಕಾಲು ಇಲ್ಲದ ಬ್ರೇಕನ್ನು ಧಡ್ಡನೆ ತುಳಿಯಿತು. ಹಿಮ್ಮಡಿಗೆ ಬಕೆಟ್ಟಿನ ಅಂಚು ತಾಗಿ, ನೀರು ತುಳುಕಿ, ಅವರು ಅಲ್ಲೇ ನಿಂತರು. ನಾನೂ ನಿಂತೆ. ಬುಗುರಿ ಒಬ್ಬಳೇ ಬಕೆಟ್ಟಿನತ್ತ ಬೆರಳು ತೋರಿಸಿ, ಹುಬ್ಬು ಗಂಟಿಕ್ಕಿ, ಥೇಟ್ ನನ್ನ ದನಿಯಲ್ಲೇ ಇನ್ನೊಮ್ಮೆ ಗದರಿಸಿದಳು: "ಉಚಾಲು!"

"ಹಾಳಾಗ್ಹೋಗ್ಲಿ" ಎಂದರು ಅತ್ತಿಗೆಯವರು. ಅವರ ಕಣ್ಣು ತುಂಬಿತ್ತು. "ಯಾವ ಪದಾನ ಕಾರಿಂದ ಓಡಿಸಿದ್ನೋ ಅದೇ ಬರ್ಬೇಕಾ! ನೀರು ಹೊತ್ತವಳು ನಾನು, ಬೆಳೆ ನಿನ್ನ ಗದ್ದೇಲಿ."

ನಾನು ಮಗುವನ್ನು ಎತ್ತಿ ಮುಖವೆಲ್ಲ ಮುತ್ತಿಟ್ಟೆ. ಅಳುತ್ತಿದ್ದೆ ಕೂಡ. ಆ ಅಳುವಿನ ನಡುವೆಯೂ ಒಂದು ಮುಳ್ಳು ಚುಚ್ಚಿತು. ಪದ ನನ್ನದು, ನಿಜ. ಆದರೆ ಹೇಳಿದ್ದು ಅವರಿಗೆ.

ಗಲಾಟೆ ಕೇಳಿ ನನ್ನ ಗಂಡ ಹಲ್ಲುಜ್ಜುವ ಬ್ರಷ್ಷಿನ ಸಮೇತ ಬಾಗಿಲಿಗೆ ಬಂದರು. "ಏನಾಯ್ತು?"

"ಮಾತಾಡಿದ್ಲು ರೀ!"

"ಹೌದಾ? ಅಪ್ಪ ಅಂದ್ಲಾ?"

"ನೀನು ಸುಮ್ನೆ ಒಳಗೆ ಹೋಗು!" ಎಂದರು ಅತ್ತಿಗೆಯವರು. "ಹೋಗ್ರೀ!" ಎಂದೆ ನಾನೂ. ಅದೊಂದರಲ್ಲಿ ನಮ್ಮಿಬ್ಬರಿಗೂ ಒಮ್ಮತ.

ಅತ್ತಿಗೆಯವರು ಹೆಗಲ ಮೇಲಿದ್ದ ಇನ್ನೊಂದು ಬಟ್ಟೆಯನ್ನು ನನ್ನತ್ತ ಎಸೆದರು. "ಆ ಕಡೆ ಒರೆಸು. ಜಾಸ್ತಿ ಹೊತ್ತು ಬಿಟ್ರೆ ವ್ಯಾಕ್ಸ್ ಕಚ್ಕೊಂಡ್ಬಿಡುತ್ತೆ."

ನಾನು ಆ ಕಡೆ ಹೋದೆ. ಮಂಕು ಬಾಗಿಲ ಮೇಲೆ ಕೈ ಸುತ್ತಿಸಿದೆ. ಮೊದಲ ಸುತ್ತಿನಲ್ಲಿ ನನ್ನ ಹಣೆ ಕಂಡಿತು, ಆಮೇಲೆ ಮೂಗು. ಸುತ್ತಿಗೊಂದು ಸಲ, ಕೇಳಿಸುವಷ್ಟು ಗಟ್ಟಿಯಾಗಿ, "ಅ...ಮ್ಮ" ಎಂದೆ.

ಆಚೆಯಿಂದ ನನಗಿಂತ ಗಟ್ಟಿಯಾಗಿ ಬಂತು: "ಅ...ತ್ತೆ."

"ಅ...ಮ್ಮ."

"ಅ...ತ್ತೆ."

ನಡುವೆ ಬುಗುರಿ ಒದ್ದೆ ಅಂಗಳದಲ್ಲಿ ಕಾರು ಸುತ್ತತೊಡಗಿದಳು. ಅವಳು ಜಾರಿಬೀಳುತ್ತಾಳೆಂದು ನನ್ನ ಜೀವ ಬಾಯಿಗೆ ಬಂತು. ಆ ಪದ ನಾಲಿಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ಅವಳೇ ತನಗೆ ತಾನೇ ಹೇಳಿಕೊಂಡು ಹೋದಳು: ಉಚಾಲು, ಉಚಾಲು, ಉಚಾಲು.