ಸತ್ತ ಗಾಳಿ ಎಂದವಳು

ಅಂದು ಫುಜೈರಾ ಬಂದರಿನಿಂದ ಟಗ್ ಹಡಗು ಹೊರಡಲಿ ಎಂದು ಹೇಳಿದವಳು ನಾನು, ಸುಮಿತ್ರಾ ಅವರೇ. ಕ್ಯಾಪ್ಟನ್ ದಾಮೋದರ ತಾವಾಗಿ ನಿರ್ಧಾರ ಮಾಡಿದ್ದಲ್ಲ. ಅವರು ಕೇಳಿದರು, ನಾನು ಹೇಳಿದೆ — ಆಮೇಲೆ, ಹಾಗೆ ಹೇಳಲೇ ಇಲ್ಲ ಎಂದು ಎಲ್ಲರೆದುರು ಸುಳ್ಳಾಡಿದೆ. ನಿಮ್ಮ ಗಂಡ ಪ್ರಕಾಶ್ ಸಮುದ್ರದ ಪಾಲಾದದ್ದಕ್ಕೆ ಇಷ್ಟು ವರ್ಷ ನೀವು ಯಾರನ್ನು ಶಪಿಸಿದಿರೋ, ಆ ಶಾಪ ನನಗೆ ಸಲ್ಲಬೇಕಾದದ್ದು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಹೆಸರು ವಸುಧಾ, ಧಾರವಾಡದವಳು. ಹವಾಮಾನ ಓದಿದವಳು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಹಡಗುಗಳಿಗೆ ಗಾಳಿ, ಅಲೆ, ಬಿರುಗಾಳಿಯ ಮುನ್ಸೂಚನೆ ಕೊಡುವ ಒಂದು ಖಾಸಗಿ ಕಚೇರಿಯಲ್ಲಿ ಕೆಲಸ. ಮನೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದೆ. ಅದೇ ಕಟ್ಟಡದಲ್ಲಿ, ನಮ್ಮ ಕೆಳಗಿನ ಮಹಡಿಯಲ್ಲಿ ಮಲ್ಪೆಯ ದಾಮೋದರಣ್ಣ ಮತ್ತು ಅವರ ಹೆಂಡತಿ ಶಾರದಕ್ಕ ಇದ್ದರು. ನೀವು ಕಾರವಾರದ ಹತ್ತಿರ ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತೀರೆಂದು ನನಗೆ ತಿಳಿದದ್ದು ಶಾರದಕ್ಕನಿಂದಲೇ.

ಅದು ಬೇಸಿಗೆ ಮುಗಿಯುತ್ತ ಬಂದ ಕಾಲ. ಇಲ್ಲಿ ಬೇಸಿಗೆ ಎಂದರೆ ನಮ್ಮೂರಿನ ಏಪ್ರಿಲ್ ಅಲ್ಲ. ಸೆಪ್ಟೆಂಬರ್ ಕಳೆದರೂ ಸಂಜೆ ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ. ನಿಮ್ಮ ಕಡೆ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಅರಬ್ಬೀ ಸಮುದ್ರ ಮತ್ತೆ ಕಾಯತೊಡಗುತ್ತದೆ. ಮಳೆಗಾಲದುದ್ದಕ್ಕೂ ಮೇಲ್ಗಡೆಯ ಜೋರುಗಾಳಿ ಒಂದು ದಿಕ್ಕಿಗೆ, ಕೆಳಗಿನದು ಇನ್ನೊಂದು ದಿಕ್ಕಿಗೆ ಎಳೆಯುವುದರಿಂದ ಬಿರುಗಾಳಿಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಕತ್ತು ಮುರಿದು ಬೀಳುತ್ತದೆ. ಆ ಎಳೆದಾಟ ಸಡಿಲವಾಗಿ, ಕೆಳಗೆ ನೀರು ಬಿಸಿಯಾಗಿ, ಮೇಲೆ ತುಂಬ ಎತ್ತರದವರೆಗೂ ಗಾಳಿಯಲ್ಲಿ ತೇವ ಇದ್ದರೆ — ಚಂಡಮಾರುತಕ್ಕೆ ಬೇಕಾದದ್ದು ಅಷ್ಟೇ. ಈ ಭಾಗದಲ್ಲಿ ಅದಕ್ಕೊಬ್ಬ ಶತ್ರುವೂ ಇದ್ದಾನೆ: ಮರುಭೂಮಿಯ ಒಣಗಾಳಿ. ಅದು ಒಳಹೊಕ್ಕರೆ ಮೋಡ ಕರಗಿ, ಬಿರುಗಾಳಿ ಉಸಿರು ಕಟ್ಟಿ ಸಾಯುತ್ತದೆ.

ಒಣಗಾಳಿಯ ಈ ಪಾಠವನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ಅವಮಾನದಿಂದ ಕಲಿತಿದ್ದೆ. ಅದರ ಹಿಂದಿನ ವರ್ಷ ಒಂದು ಬಿರುಗಾಳಿ ಬಲಿಯುತ್ತದೆ ಎಂದು ಹಠ ಹಿಡಿದು ಎಷ್ಟೋ ಹಡಗುಗಳನ್ನು ಬಂದರಿನಲ್ಲೇ ನಿಲ್ಲಿಸಿದ್ದೆ. ಅದು ಬರಲಿಲ್ಲ. ಒಣಗಾಳಿ ನುಂಗಿತು. ಕಚೇರಿಯಲ್ಲಿ ನನ್ನನ್ನು 'ಪ್ರಳಯ ಮೇಡಂ' ಎಂದು ಕರೆಯತೊಡಗಿದರು — ನಗುತ್ತಲೇ. ನಾನೂ ನಕ್ಕೆ. ಆದರೆ ಆ ನಗೆ ನನ್ನೊಳಗೆ ಎಲ್ಲಿ ಹೋಗಿ ಕೂತಿತು ಎಂಬುದು ಆಗ ನನಗೇ...

ಈ ಸಲ ಲಕ್ಷದ್ವೀಪದ ಆಚೆ ವಾಯುಭಾರ ಕುಸಿತವೊಂದು ಎದ್ದು ಒಮಾನಿನತ್ತ ಸರಿಯುತ್ತಿತ್ತು. ನಮ್ಮ ಕಚೇರಿಯ ಮುಖ್ಯಸ್ಥರು, ಸಿರಿಯಾದ ಹಿರಿಯರು, ಎಲ್ಲರಿಗೂ ಸೂಚನೆ ಕಳಿಸಿದರು: ಇದರ ಸ್ವಭಾವ ಇನ್ನೂ ಸ್ಪಷ್ಟವಿಲ್ಲ, ನಾಳೆಯವರೆಗೆ ಕಾಯುವುದು ಒಳ್ಳೆಯದು. ನಾನು ಒಪ್ಪಲಿಲ್ಲ. ಉಪಗ್ರಹ ಚಿತ್ರದಲ್ಲಿ ಒಣಗಾಳಿ ನಾಲಿಗೆ ಚಾಚಿದಂತೆ ಅದರ ಪಕ್ಕಕ್ಕೆ ಬಂದಿದ್ದು ನನಗೆ ಕಾಣುತ್ತಿತ್ತು. ಈ ಸಲ ಎಲ್ಲರೂ ಹೆದರಿರುವಾಗ ಹೆದರದವಳು ನಾನೊಬ್ಬಳೇ ಆಗಬೇಕು, ನಾಳೆ ಎಲ್ಲರೂ ನನ್ನ ಕಡೆ ತಿರುಗಿ ನೋಡಬೇಕು — ಹೌದು, ಹಾಗೇ ಅಂದುಕೊಂಡಿದ್ದೆ.

ಮಧ್ಯಾಹ್ನ ದಾಮೋದರಣ್ಣನ ಫೋನ್ ಬಂತು. ಕಚೇರಿಗಲ್ಲ, ನನ್ನ ಮೊಬೈಲಿಗೆ. ಅವರ ಟಗ್, ಎಂಜಿನ್ ಇಲ್ಲದ ಸರಕು ದೋಣಿಯಾದ ಒಂದು ದೊಡ್ಡ ಬಾರ್ಜನ್ನು ಉಕ್ಕಿನ ಹಗ್ಗದಲ್ಲಿ ಎಳೆದುಕೊಂಡು ಒಮಾನಿನ ಡುಕ್ಮ್ ಬಂದರಿಗೆ ಹೋಗಬೇಕಿತ್ತು. ಫುಜೈರಾದ ಹೊರಗೆ ಲಂಗರು ಹಾಕಿ ಬಹಳ ದಿನವಾಗಿತ್ತು.

"ಕಾಗದದಲ್ಲಿ ಎಲ್ಲರೂ ಕಾಯಿರಿ ಅಂತಲೇ ಬರೆಯುದು ಮಾರಾಯ್ತಿ," ಎಂದರು. "ನೀನು ಹೇಳು, ಹೊರಡ್ಬಹುದಾ? ಈ ಸೆಕೆಯಲ್ಲಿ ಕೂತು ಎಲ್ಲರಿಗೂ ತಲೆ ಕೆಟ್ಟಿದೆ. ನಮ್ಮ ಪ್ರಕಾಶ ಅಂತೂ ಡುಕ್ಮಲ್ಲಿ ಇಳಿದು ಊರಿಗೆ ಹೋಗ್ಲಿಕ್ಕೆ ಪೆಟ್ಟಿಗೆ ಕಟ್ಟಿಟ್ಟಿದ್ದಾನೆ."

ನಿಮ್ಮ ಗಂಡನ ಹೆಸರನ್ನು ನಾನು ಮೊದಲು ಕೇಳಿದ್ದು ಹೀಗೆ.

ಆ ಕ್ಷಣ ನನ್ನ ಮುಂದಿನ ತೆರೆಯ ಮೇಲೆ ಇನ್ನೊಂದು ನಕ್ಷೆಯೂ ಇತ್ತು. ಸಮುದ್ರದ ಬಿಸಿಯ ನಕ್ಷೆ. ಬಿರುಗಾಳಿ ಸಾಗುವ ದಾರಿಯಲ್ಲೇ, ಒಮಾನಿನ ಮುಂದೆ, ಸುತ್ತಲಿನ ನೀರಿಗಿಂತ ಹೆಚ್ಚು ಕಾದ ಒಂದು ಮಡು — ಕಡುಗೆಂಪು. ಅಂಥ ಮಡುವಿನ ಮೇಲೆ ಹಾಯ್ದ ಗಾಳಿ ಒಣಗಾಳಿಯನ್ನು ಹೊರಗೇ ತಳ್ಳಿ, ತನ್ನ ನಡುವನ್ನು ಬಿಗಿದುಕೊಂಡು, ಒಂದೇ ರಾತ್ರಿಯಲ್ಲಿ ರಾಕ್ಷಸನಾಗಬಲ್ಲದು. ನನಗೆ ಅದು ಗೊತ್ತಿತ್ತು. ನಾನು ಆ ನಕ್ಷೆಯನ್ನು ನೋಡಿದ್ದೆ. ನೋಡಿ, ಬೆರಳಿನಿಂದ ಬದಿಗೆ ಸರಿಸಿದ್ದೆ. ತಿಳಿಯದೆ ತಪ್ಪಿದ್ದರೆ ನಾನು ಈ ಮಾತನ್ನು ಬೇರೆ ಥರ ಹೇಳುತ್ತಿದ್ದೆನೇನೋ.

"ಹೋಗ್ರಿ ಅಣ್ಣಾ," ಎಂದೆ. "ಅದು ಸತ್ತ ಗಾಳಿ. ನಾಳಿ ಸಂಜಿಗೆ ಅದರ ಹೆಸರೂ ಉಳಿಯೂದಿಲ್ಲ."

ಅವರು ನಕ್ಕರು. "ಖಲಾಸ್. ನೀನು ಹೇಳಿದ ಮೇಲೆ ಮುಗೀತು," ಎಂದರು.

ಮುಂದಿನದು ನಿಮಗೆ ಗೊತ್ತಿರುವಷ್ಟು ಗೊತ್ತಿದೆ. ಟಗ್ ಒಮಾನಿನ ಪೂರ್ವ ತುದಿಯಾದ ರಾಸ್ ಅಲ್ ಹದ್ದ್ ದಾಟಿ ದಕ್ಷಿಣಕ್ಕೆ ತಿರುಗಿದ ಮೇಲೆ ಗಾಳಿ ಆ ಬಿಸಿ ಮಡುವಿನ ಮೇಲೆ ಬಂತು, ಬಲಿಯಿತು. ಬೆಳಿಗ್ಗೆ ನಾನು ಕಚೇರಿಗೆ ಬಂದು ತೆರೆ ನೋಡಿದಾಗ ಅದರ ನಡುವೆ ಕಣ್ಣು ಮೂಡಿತ್ತು. ದುಂಡಗೆ, ಸ್ವಚ್ಛವಾಗಿ. ನನ್ನ ಪಕ್ಕದವರು ಯಾರೋ, ಎಷ್ಟು ಚೆಂದ ಇದೆ ನೋಡಿ, ಎಂದರು. ನಾನು ದಾಮೋದರಣ್ಣನಿಗೆ ಫೋನ್ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ...

ನಿಮ್ಮ ಗಂಡ ಸಿಗಲಿಲ್ಲ ಎಂಬ ಸುದ್ದಿ ಶಾರದಕ್ಕನ ಬಾಯಿಂದ ಬಂತು. ಅವರು ನಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ನಾನು ಅವರ ಕೈ ಹಿಡಿದು, "ಅದು ಯಾರ ಕೈಯಾಗೂ ಇರಲಿಲ್ಲ ಅಕ್ಕಾ, ಗಾಳಿ ಒಮ್ಮಿಂದೊಮ್ಮೆ ತಿರುಗಿತು," ಎಂದೆ. ನನ್ನ ಮೊದಲ ಸುಳ್ಳು ಅದು. ಯಾರೂ ನನ್ನನ್ನು ಪ್ರಶ್ನಿಸಿರಲಿಲ್ಲ; ನಾನಾಗಿಯೇ ಹೇಳಿದ್ದು.

ಎರಡನೆಯದು ವಿಚಾರಣೆಯಲ್ಲಿ. ಟಗ್ಗಿನ ಕಂಪನಿಯವರು ದುಬೈಯ ತಮ್ಮ ಕಚೇರಿಯ ಒಂದು ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದ್ದರು. ಎಸಿ ಎಷ್ಟು ತಣ್ಣಗಿತ್ತೆಂದರೆ ನಾನು ಸೆರಗು ಹೊದ್ದುಕೊಂಡೇ ಇದ್ದೆ. ಆಗ ನಾನು ತುಂಬಿದ ಬಸುರಿ. ನನ್ನ ಗಂಡನ ಕಂಪನಿ ಮುಚ್ಚಿ ಅವರು ಮನೆಯಲ್ಲಿದ್ದರು. ಅವರ ವೀಸಾ ಕೂಡ ನನ್ನ ಕೆಲಸದ ಮೇಲೆಯೇ ನಿಂತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಂದು ನನ್ನ ತಲೆಯಲ್ಲಿ ಓಡಿದ್ದು ಇದು, ಅಷ್ಟೇ. ನಿಮ್ಮ ಮನೆಯಲ್ಲೂ ಯಾರೋ ಇದ್ದಾರೆ ಎಂಬುದು ಓಡಲಿಲ್ಲ.

ಮೇಜಿನ ಆಚೆ ದಾಮೋದರಣ್ಣ ಕೂತಿದ್ದರು. ಹೊರಡುವ ಮೊದಲು ನನಗೆ ಫೋನ್ ಮಾಡಿದ್ದನ್ನೂ ನಾನು ಹೋಗಿ ಎಂದದ್ದನ್ನೂ ಅವರು ಹೇಳಿಬಿಟ್ಟಿದ್ದರು. ಕಂಪನಿಯವರು ನನ್ನನ್ನು ಕೇಳಿದರು. ಕಚೇರಿಯ ಸೂಚನೆಯಲ್ಲಿ ಏನಿತ್ತೋ ಅದನ್ನೇ ಹೇಳಿದೆ, ಕಾಯಿರಿ ಎಂದೇ ಹೇಳಿದೆ — ಎಂದು ನಾನು ಇಂಗ್ಲಿಷಿನಲ್ಲಿ, ತಡವರಿಸದೆ, ಉತ್ತರ ಕೊಟ್ಟೆ. ತಡವರಿಸದೆ. ಅದನ್ನು ನೆನೆದರೆ ಇವತ್ತಿಗೂ...

ದಾಮೋದರಣ್ಣ ನನ್ನ ಮುಖ ನೋಡಿದರು. ಆಮೇಲೆ ನನ್ನ ಹೊಟ್ಟೆ ನೋಡಿದರು. ಹಿಂದಿಯಲ್ಲಿ, "ಹಾಗಾದರೆ ನನಗೇ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಡೆಕ್ಕಿನ ಮೇಲೆ ಗಾಳಿ ಇತ್ತು," ಎಂದರು. ಗಾಳಿ ಇರಲಿಲ್ಲ. ಅಂದು ಫುಜೈರಾದಲ್ಲಿ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲವೆಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಸೂಚನೆ ಮೀರಿ ಹಡಗು ಬಿಟ್ಟವರು ಎಂಬ ಹೆಸರು ಅವರಿಗೆ ಅಂಟಿತು. ಮತ್ತೆ ಯಾರೂ ಅವರ ಕೈಗೆ ಹಡಗು ಕೊಡಲಿಲ್ಲ. ದುಬೈಯ ರಾಸ್ ಅಲ್ ಖೋರಿನಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಮಾರುವ ಗೋದಾಮಿನಲ್ಲಿ ಮೇಲ್ವಿಚಾರಕರಾದರು. ಶಾರದಕ್ಕನಿಗೂ ನಿಜ ಹೇಳಿರಲಿಲ್ಲ. ಅದು ನನಗೆ ಹೇಗೆ ಗೊತ್ತಾಯಿತೆಂದರೆ — ನಾನು ಹೆತ್ತು ಮಲಗಿದ್ದಾಗ ಶಾರದಕ್ಕ ದಿನವೂ ಮೆಂತೆ ಗಂಜಿ ಮಾಡಿ ಮೇಲೆ ತಂದುಕೊಡುತ್ತಿದ್ದರು. "ಬಾಣಂತಿ ಹೀಗೆ ಅಳ್ಬಾರ್ದು, ಮಗುಗೆ ಆಗುದಿಲ್ಲ," ಎಂದು ನನ್ನ ಕಣ್ಣೊರೆಸುತ್ತಿದ್ದರು. ನಾನು ಆ ಗಂಜಿ ಕುಡಿದೆ, ಸುಮಿತ್ರಾ ಅವರೇ. ಒಂದು ದಿನವೂ ಬೇಡ ಎನ್ನಲಿಲ್ಲ.

ದಾಮೋದರಣ್ಣ ಕಾರವಾರಕ್ಕೆ ನಿಮ್ಮನ್ನು ನೋಡಲು ಬಂದದ್ದನ್ನೂ ಶಾರದಕ್ಕನೇ ಹೇಳಿದ್ದು. "ಅಂಗಳದಲ್ಲೇ ನಿಂತಿದ್ರಂತೆ. ನನ್ನ ಗಂಡನ್ನ ಕೊಂದವರ ಮುಖ ನೋಡುದಿಲ್ಲ ಅಂತ ಆ ಹೆಂಗಸು ಒಳಗೆ ಹೋದ್ಳಂತೆ. ಅವಳದ್ದು ಎಂತ ತಪ್ಪು ಹೇಳು, ಪಾಪ."

ನಾನು ತೊಟ್ಟಿಲು ತೂಗುತ್ತ ಕೇಳಿದೆ. ಬಾಯಿ ಬಿಡಲಿಲ್ಲ. ಹಾಗೆಯೇ ವರ್ಷಗಳು ಹೋದವು. ದಾಮೋದರಣ್ಣ, ಶಾರದಕ್ಕ ಮನೆ ಬಿಟ್ಟು ಶಾರ್ಜಾದ ಕಡೆ ಹೋದರು, ನನಗೆ ಬಡ್ತಿ ಸಿಕ್ಕಿತು, ನನ್ನ ಮಗಳು ಶಾಲೆಗೆ ಹೋಗತೊಡಗಿದಳು. ಬದುಕು ನನ್ನನ್ನು ಶಿಕ್ಷಿಸಲೇ ಇಲ್ಲ.

ಈ ವರ್ಷ ಬೇಸಿಗೆಯ ಕೊನೆಗೆ, ಬಿರುಗಾಳಿಯ ಕಾಲ ಶುರುವಾಗುವ ಮೊದಲು, ಕಚೇರಿಗೆ ಹೊಸದಾಗಿ ಸೇರಿದವರಿಗೆ ಪಾಠ ಮಾಡುವ ಕೆಲಸ ನನ್ನದಾಯಿತು. ಯಾರೋ ಆ ಬಿರುಗಾಳಿಯನ್ನೇ ಉದಾಹರಣೆಗೆ ಆರಿಸಿಟ್ಟಿದ್ದರು. ಗೋಡೆಯ ಮೇಲೆ ಅದೇ ನಕ್ಷೆ, ಅದೇ ಕೆಂಪು ಮಡು. ನಾನು ವಿವರಿಸುತ್ತ ಹೋದೆ — ಬಿಸಿ ನೀರು, ತೇವ, ಒಣಗಾಳಿ. ಮುಂದಿನ ಸಾಲಿನಲ್ಲಿದ್ದ ಮಸ್ಕತ್ತಿನ ಹುಡುಗಿಯೊಬ್ಬಳು ಕೈಯೆತ್ತಿ, ಇಷ್ಟು ಎದ್ದು ಕಾಣುವುದು ಅಂದು ಯಾರ ಕಣ್ಣಿಗೂ ಬೀಳಲಿಲ್ಲವೇ, ಎಂದು ಕೇಳಿದಳು. ಅವಳ ಮಾತಿನಲ್ಲಿ ಕುತೂಹಲ ಬಿಟ್ಟು ಬೇರೇನೂ ಇರಲಿಲ್ಲ.

"ಬಿದ್ದಿತ್ತು," ಎಂದೆ. "ನನ್ನ ಕಣ್ಣಿಗೆ."

ಪಾಠ ಅಲ್ಲಿಗೇ ನಿಂತಿತು.

ಮರುದಿನವೇ ರಾಸ್ ಅಲ್ ಖೋರಿಗೆ ಹೋದೆ. ದಾಮೋದರಣ್ಣನ ಕೂದಲು ಪೂರ್ತಿ ಬೆಳ್ಳಗಾಗಿದೆ. ಗೇರ್‌ಬಾಕ್ಸುಗಳ ರಾಶಿಯ ನಡುವೆ ನನ್ನನ್ನು ನೋಡಿ, "ಓ ವಸುಧಾ, ಬಾ ತಂಗಿ," ಎಂದು ಸ್ಟೂಲು ಒರೆಸಿ ಕೊಟ್ಟರು, ಚಾ ತರಿಸಿದರು. ನಾನು ಕೂರಲಿಲ್ಲ. ನನ್ನ ಕಂಪನಿ, ಟಗ್ಗಿನ ಕಂಪನಿ ಎರಡಕ್ಕೂ ನಿಜ ಹೇಳುತ್ತೇನೆ, ನಿಮ್ಮ ಹೆಸರು ತೊಳೆಯುತ್ತೇನೆ ಎಂದೆ.

ಅವರು ನನ್ನ ಪಾಲಿನ ಚಾ ಲೋಟವನ್ನು ಸ್ಟೂಲಿನ ಮೇಲಿಟ್ಟರು. "ಹೇಳುದಾದ್ರೆ ಹೇಳು, ಬೇಡ ಅನ್ನುದಿಲ್ಲ," ಎಂದರು. "ನಿನ್ನ ಮೇಲೆ ಸಿಟ್ಟು ಇರ್ಲಿಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ. ತುಂಬ ಇತ್ತು. ನಿನ್ನ ಮಗುವಿನ ಅಳು ಮೇಲಿಂದ ಕೇಳುವಾಗೆಲ್ಲ ಇತ್ತು. ಈಗ ನನಗೆ ಹಡಗು ಯಾರು ಕೊಡ್ತಾರೆ? ಆದ್ರೆ ಆ ಕಾರವಾರದ ಹೆಂಗಸಿಗೆ ಒಂದು ಮಾತು ಮುಟ್ಟಬೇಕಿತ್ತು. ಅದನ್ನು ಹೇಳ್ಲಿಕ್ಕೇ ನಾನು ಅಷ್ಟು ದೂರ ಹೋದದ್ದು. ಅವಳು ಕೇಳ್ಲಿಲ್ಲ. ಕೊಂದವನ ಬಾಯಿಂದ ಯಾಕೆ ಕೇಳ್ತಾಳೆ?"

ಎರಡೂ ಕಂಪನಿಗಳಿಗೆ ನಡೆದದ್ದನ್ನು ಹೇಳಿ ಸಹಿ ಹಾಕಿದ್ದೇನೆ. ಕೆಲಸ ಹೋಗಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು. ಮಗಳಿಗೂ ಹೇಳಿದ್ದೇನೆ. ಅವಳು, "ಡಿಡ್ ಯು ಸೇ ಸಾರಿ ಟು ದ ಲೇಡಿ?" ಎಂದು ಕೇಳಿದಳು. ಇಲ್ಲ ಎಂದೆ. ಕ್ಷಮಿಸಿ ಎಂದು ಕೇಳುವ ಹಕ್ಕು ನನಗಿಲ್ಲ, ಸುಮಿತ್ರಾ ಅವರೇ. ಆದರೆ ದಾಮೋದರಣ್ಣ ಹೇಳಿದ ಆ ಮಾತು ನಿಮ್ಮದು. ಅದನ್ನು ಅವರು ಹೇಳಿದ ಹಾಗೆಯೇ ತಲುಪಿಸುತ್ತೇನೆ.

ಅಲೆಗೆ ಸಿಕ್ಕಿದ ಬಾರ್ಜು ಟಗ್ಗನ್ನು ಹಿಂದಕ್ಕೆ ಜಗ್ಗುತ್ತ ಮುಳುಗಿಸತೊಡಗಿತ್ತು. ಉಕ್ಕಿನ ಹಗ್ಗ ಬಿಡಿಸದೆ ಬೇರೆ ದಾರಿ ಇರಲಿಲ್ಲ. ಬಿಡಿಸುವ ಯಂತ್ರ ಕಚ್ಚಿಕೊಂಡಿತ್ತು. ಇಬ್ಬರು ಹಿಂದಿನ ಡೆಕ್ಕಿಗೆ ಹೋಗಬೇಕಿತ್ತು. ಪ್ರಕಾಶ್ ಬಾಗಿಲಲ್ಲೇ ಇನ್ನೊಬ್ಬನನ್ನು ಎದೆಗೆ ಕೈಯಿಟ್ಟು ಒಳಗೆ ತಳ್ಳಿ, "ನೀನು ಇಲ್ಲೇ ಇರು, ಇದು ಒಬ್ಬನ ಕೆಲಸ," ಎಂದರಂತೆ. ಹೋಗಿ, ಹಗ್ಗ ಬಿಡಿಸಿದರು. ಟಗ್ ಹಗುರಾಗಿ ಮೇಲೆದ್ದಿತು. ಬಿಡಿಸಿದ್ದೇನೆ ಎಂದು ಕೈಯೆತ್ತಿ ತೋರಿಸಿದರಂತೆ — ಅದನ್ನು ದಾಮೋದರಣ್ಣ ಕಿಟಕಿಯಿಂದ ತಮ್ಮ ಕಣ್ಣಾರೆ ನೋಡಿದ್ದಾರೆ. ಅಲೆ ಬಂದದ್ದು ಅದಾದ ಮೇಲೆ.

ಆ ಟಗ್ಗಿನಲ್ಲಿದ್ದ ಉಳಿದವರೆಲ್ಲ ಇವತ್ತು ಬದುಕಿದ್ದಾರೆ. ಕಂಪನಿ ನಿಮಗೆ ಬರೆದಂತೆ ನಿಮ್ಮ ಗಂಡ ಕಾಲು ಜಾರಿ ಬಿದ್ದವರಲ್ಲ. ಇದು ನಿಮಗೆ ಆ ವರ್ಷವೇ ತಿಳಿಯಬೇಕಿತ್ತು. ತಿಳಿಯದಂತೆ ಮಾಡಿದವಳು ನಾನು.