ವೈನಿಗೊಂದು ಕ್ರಾಫ್ಟ್ ರೂಮು

‘ಯಾರ ಮದವೀರಿ ಅಕ್ಕಾರ?’

ಬೈಲಹೊಂಗಲ ಬಜಾರಿನ ಸ್ಟೀಲ್ ಫರ್ನಿಚರ್ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ ಇದು. ನಮ್ಮ ಕಡೆ ಟ್ರೆಜುರಿ (ಅದೇ, ಕಬ್ಬಿಣದ ಕಪಾಟು) ನೋಡಲು ಹೆಂಗಸರಿಬ್ಬರು ಬಂದರೆ ಮನೆಯಲ್ಲೊಂದು ಮದುವೆ ನಿಕ್ಕಿಯಾಗಿದೆ ಎಂದೇ ಲೆಕ್ಕ. ಮದುವೆಯಲ್ಲ, ಕ್ರಾಫ್ಟ್ ರೂಮಿಗೆ ಬೇಕು ಎಂದೆ. ಅವರು ತಲೆ ಕೆರೆದುಕೊಂಡರು.

‘ಹಂಗಂದ್ರ? ಸಾಲಿಗೇನ್ರಿ?’

ಶಾಲೆಗಲ್ಲ, ಮನೆಗೆ. ಹೊಲಿಗೆಯ ಸಾಮಾನು ಇಡಲು. ‘ಮತ್ತ ಹಂಗ ಹೇಳ್ರೆಲಾ’ ಎಂದು ಅವರು ನಕ್ಕರು. ನಾನೂ ನಕ್ಕೆ. ನಗದೆ ನಿಂತವರು ನನ್ನ ಪಕ್ಕದಲ್ಲಿದ್ದ ವೈನಿ ಒಬ್ಬರೇ. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಟ್ರೆಜುರಿಯ ಕನ್ನಡಿಯಲ್ಲಿ ಬಜಾರು ನೋಡುತ್ತಿದ್ದರು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಮದುವೆಯಾಗಿ ಬಂದಾಗಿನಿಂದ ಮನೆಯ ಮುಂದಿನ ಖೋಲಿಯಲ್ಲಿ ಮಷಿನ್ ಇಟ್ಟುಕೊಂಡು ಊರ ಹೆಂಗಸರ ಜಂಪರ್ ಹೊಲಿದವರು. (ಬ್ಲೌಸ್ ಎಂಬ ಶಬ್ದವನ್ನು ನಾವು ಹೊರಗಿನವರ ಎದುರು ಮಾತ್ರ ಬಳಸುತ್ತೇವೆ.) ರಾಮದುರ್ಗ, ಸವದತ್ತಿಗಳ ಕಡೆಗೆ ಮದುವೆಯಾಗಿ ಹೋದ ಹುಡುಗಿಯರು ಕೂಡ ತವರಿಗೆ ಬಂದಾಗ ಖಣದ ಬಟ್ಟೆ ತಂದು ಇವರ ಕೈಗೇ ಕೊಡುತ್ತಿದ್ದರು.

ಕಳೆದ ವರ್ಷ ಅದೇ ಕೈಯ ಬೆರಳುಗಳು ಜೋಮು ಹಿಡಿಯತೊಡಗಿದವು. ಮೊದಲು ಸೂಜಿ ಜಾರಿತು. ಆಮೇಲೆ ಕತ್ತರಿ. ಡಾಕ್ಟರು ಕೈಗೆ ವಿಶ್ರಾಂತಿ ಕೊಡಿ, ಗುಳಿಗೆ ತೆಗೆದುಕೊಳ್ಳಿ, ನೋಡೋಣ ಎಂದರು. ಆ ‘ನೋಡೋಣ’ವನ್ನೇ ಗಟ್ಟಿಯಾಗಿ ಹಿಡಿದುಕೊಂಡು ವೈನಿ ಮಷಿನ್ ಮೇಲೆ ಹಳೆಯ ದುಪ್ಪಟಿ ಹೊದಿಸಿ ಕಾಯುತ್ತ ಕುಳಿತರು.

ನಾವು ಕಾಯಲಿಲ್ಲ.

ನಾವು ಎಂದರೆ ಮುಖ್ಯವಾಗಿ ಶ್ವೇತಾ, ವೈನಿಯ ಮಗಳು. ಕಿತ್ತೂರಿನ ಶಾಲೆಯೊಂದರಲ್ಲಿ ಟೀಚರ್. ರಜೆಗೆ ಬಂದವಳು ಫೋನಿನಲ್ಲಿ ಕ್ರಾಫ್ಟ್ ರೂಮಿನ ವಿಡಿಯೋಗಳನ್ನು ನೋಡಿ ನೋಡಿ ಮುಂದಿನ ಖೋಲಿಯ ಮೇಲೆ ಕಣ್ಣು ಹಾಕಿದಳು.

‘ಅವ್ವಾ, ಇನ್ನ ಗಿರಾಕಿ ಕಿರಿಕಿರಿ ಬ್ಯಾಡ ನಿನಗ. ಹಾಬಿ ಹಂಗ ಏನರ ಸಣ್ಣಪುಟ್ಟ ಮಾಡ್ಕೋತ ಕೂಡು. ಖೋಲಿ ನಾ ಚಂದ ಮಾಡಿ ಕೊಡ್ತೇನಿ.’

‘ಹಾಬಿ ಅಂದ್ರ ಯಾರೂ ಬೇಡಲಾರದ್ದನ್ನ ಹೊಲಿಯೂದೇನ?’ ವೈನಿ ಕೇಳಿದರು.

ನಾವು ಜೋಕ್ ಎಂದುಕೊಂಡೆವು.

ಆಮೇಲೆ ಮನೆಯಲ್ಲಿ ಅದೊಂದೇ ಚರ್ಚೆ. ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಡ್ರಾವರುಗಳೇ? ಗೋಡೆಗೆ ತೂತಿನ ಹಲಗೆ ಹೊಡೆದು ಕತ್ತರಿ, ಟೇಪು ತೂಗುಹಾಕುವುದೇ? ದಾರದ ರೀಲುಗಳನ್ನು ಬಣ್ಣದ ಪ್ರಕಾರ ಜೋಡಿಸುವುದೋ, ದಪ್ಪದ ಪ್ರಕಾರವೋ? ಅಣ್ಣನದು ಒಂದೇ ಮಾತು: ಎಲ್ಲವನ್ನೂ ಟ್ರಂಕಿಗೆ ತುಂಬಿ ಅಟ್ಟಕ್ಕೆ ಹಾಕಿ. ನಾನು ಟ್ರೆಜುರಿ ಪಕ್ಷ. ಧೂಳು ಕೂರುವುದಿಲ್ಲ, ಇಲಿ ನುಗ್ಗುವುದಿಲ್ಲ, ಬಾಗಿಲು ಹಾಕಿಬಿಟ್ಟರೆ ಒಳಗಿನ ಅವಾಂತರ ಯಾರಿಗೂ ಕಾಣುವುದಿಲ್ಲ. (ಅರ್ಧ ಸಂಸಾರಗಳು ನಡೆಯುವುದೇ ಹೀಗಲ್ಲವೇ?)

ವೈನಿ ಹೇಳಿದ್ದು ಇಷ್ಟೇ. ‘ಮಷಿನ್ ಮುಂದ ಕುಂತಲ್ಲೇ ಕೈಗೆ ನಿಲುಕಬೇಕು ನೋಡ, ಸರೋಜಾ.’

ಅಂಗಡಿಯಲ್ಲೂ ಅವರು ಅದನ್ನೇ ನೋಡಿದರು. ಒಂದೊಂದು ಟ್ರೆಜುರಿಯ ಮುಂದೂ ಸ್ಟೂಲ್ ಎಳೆದುಕೊಂಡು ಕುಳಿತು, ಎಡಗೈ ಚಾಚಿ, ನಿಲುಕುವುದಿಲ್ಲ ಎಂದು ತಲೆಯಾಡಿಸಿದರು. ಅಂಗಡಿಯವರ ನಗು ಬತ್ತಿತು. ನನಗೂ ಬೇಸರ ಬಂತು. ಏನೂ ಕೊಳ್ಳದೆ ಮನೆಗೆ ಮರಳಿದೆವು.

ಬಾಗಿಲಲ್ಲೇ ಶ್ವೇತಾ ನಿಂತಿದ್ದಳು. ‘ಅತ್ತೀ, ಲಗೂನ ಬರ್ರಿ ಇಲ್ಲೆ!’

ಖೋಲಿ ಗುಡಿಸಿ, ಒರೆಸಿ ಲಕಲಕ ಆಗಿತ್ತು. ಮೇಜಿನ ಮೇಲೆ ದೊಡ್ಡದೊಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಮನೆ ಮನೆ ಮಾಡಿ ಹುಕ್ಕು, ಬಾಬಿನ್ನು, ಗುಂಡಿ ಎಲ್ಲಕ್ಕೂ ಜಾಗ.

‘ಭಾಂಡೇದಾಕಿ ಬಂದಿದ್ಲ್ರಿ. ಹಳೀ ಅರಿವಿ ಕೊಟ್ಟು ತಗೊಂಡೆ. ಎಷ್ಟ ಚಂದ ಐತಲ್ರಿ?’

ಚೆಂದವೇ ಇತ್ತು. ಹಳೆಯ ಬಟ್ಟೆ ಕೊಟ್ಟು ಭಾಂಡೆ ತೆಗೆದುಕೊಳ್ಳುವುದು ನಮ್ಮ ಓಣಿಗಳಲ್ಲಿ ಮೊದಲಿನಿಂದಲೂ ನಡೆದುಬಂದದ್ದು. ಈಗ ಆ ಬುಟ್ಟಿಯಲ್ಲಿ ಪಾತ್ರೆಗಳ ಜೊತೆ ಪ್ಲಾಸ್ಟಿಕ್ಕೂ ಸೇರಿದೆ. ನಾನು ಮುಚ್ಚಳ ತೆಗೆದು, ಹಾಕಿ, ಭೇಷ್ ಎಂದೆ.

ವೈನಿ ಡಬ್ಬಿ ನೋಡಲಿಲ್ಲ. ಮಷಿನ್ ಪಕ್ಕದ ಗೋಡೆಯ ಗೂಟ ನೋಡುತ್ತಿದ್ದರು. ‘ಇಲ್ಲಿದ್ದ ಗಂಟು ಎಲ್ಲಿ?’

‘ಆ ಜಂಪರ್ ಗಂಟಾ? ಅದನ್ನ ಕೊಟ್ಟೆ ಅವ್ವಾ. ಎಲ್ಲಾ ಹರದಿದ್ದುವಲ್ಲ, ಬಣ್ಣಾನೂ ಹೋಗಿತ್ತು.’

ಹೊಲಿಸಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮ ಹೆಂಗಸರು ಟೇಪಿನ ಅಳತೆ ನಂಬುವುದಿಲ್ಲ. ಮೈಗೆ ಸರಿಯಾಗಿ ಕೂತ ಜಂಪರೊಂದನ್ನು ಅಳತೆಗೆಂದು ತಂದು ಕೊಡುತ್ತಾರೆ. ಸರಿಯಾಗಿ ಕೂತದ್ದನ್ನೇ ಹೆಚ್ಚು ತೊಟ್ಟಿರುವುದರಿಂದ ಅದು ಕಂಕುಳಲ್ಲಿ ಹರಿದು, ಬಣ್ಣ ಮಾಸಿರುತ್ತದೆ. ವೈನಿಯ ಹೊಲಿಗೆಗೆ ಒಗ್ಗಿದವರು ಅದನ್ನು ವಾಪಸ್ ಒಯ್ಯುತ್ತಲೇ ಇರಲಿಲ್ಲ. ‘ಇಲ್ಲೇ ಇರ್ಲಿ ಬಿಡ್ರಿ, ಮುಂದಿನ ಸಲಕ್ಕ ಬೇಕಾಗ್ತೈತಿ’ ಎಂದು ಬಿಟ್ಟು ಹೋಗುತ್ತಿದ್ದರು. ಹಾಗೆ ಬಿಟ್ಟು ಹೋದವುಗಳ ಗಂಟು ಅದು. ಮತ್ತೆ ಬರುತ್ತೇವೆ ಎಂದು ಇಷ್ಟೊಂದು ಹೆಂಗಸರು ಹೇಳಿಹೋದ ಗಂಟು!

ನಾನು ಸ್ಕೂಟಿ ತೆಗೆದುಕೊಂಡು ಓಣಿ ಓಣಿ ಸುತ್ತಿದೆ. ಬಸ್ ಸ್ಟ್ಯಾಂಡಿನ ಎದುರು ಬಾಳೆಹಣ್ಣು ಮಾರುವವರು, ಭಾಂಡೆಯವಳು ಆಗಲೇ ಸವದತ್ತಿ ಬಸ್ಸು ಹತ್ತಿದಳು ಎಂದರು. ಯಾವ ಊರವಳು? ಅವರಿಗೂ ಗೊತ್ತಿರಲಿಲ್ಲ.

ಬರಿಗೈಯಲ್ಲಿ ಮನೆಗೆ ಬಂದಾಗ ಶ್ವೇತಾ ಅಳುತ್ತಿದ್ದಳು. ‘ತಪ್ಪಾತು ಅವ್ವಾ. ಹೆಂಗೂ ನೀ ಇನ್ನ ಹೊಲಿಯಂಗಿಲ್ಲಲ್ಲ ಅಂತ...’ ಎಂದವಳು ಅಲ್ಲಿಗೇ ನಿಲ್ಲಿಸಿದಳು.

‘ಡಾಕ್ಟರ್ ಹಂಗಂದಾರೇನ?’ ವೈನಿಯ ದನಿ ಏರಿರಲಿಲ್ಲ.

‘ಇಲ್ಲ.’

‘ನಾ ಅಂದೇನೇನ?’

‘ಇಲ್ಲವಾ.’

‘ಮತ್ತ ಯಾರಂದ್ರು?’

ಶ್ವೇತಾ ನನ್ನ ಮುಖ ನೋಡಿದಳು. ನಾನು ಅಣ್ಣನ ಮುಖ ನೋಡಿದೆ. ಅಣ್ಣ ಟಿವಿಯ ಕಡೆ ತಿರುಗಿದ. ಯಾರೂ ಅಂದಿರಲಿಲ್ಲ, ನಿಜ. ಆದರೆ ಅಟ್ಟಕ್ಕೆ ಹಾಕಿ ಎಂದವನಿಗೂ, ಬಾಗಿಲು ಹಾಕಿಬಿಡುವ ಕಪಾಟು ಬೇಕೆಂದ ನನಗೂ ಒಳಗೊಳಗೇ ಗೊತ್ತಿತ್ತು, ಇವರ ಹೊಲಿಗೆ ಮುಗಿಯಿತು ಎಂದು. ವೈನಿಗೊಬ್ಬರಿಗೇ ಗೊತ್ತಿರಲಿಲ್ಲ. ಅದು ಅವರಿಗೆ ಗೊತ್ತಾದ ಗಳಿಗೆಯಲ್ಲಿ ನಾನು ಎದುರಿಗೇ ನಿಂತಿದ್ದೆ.

ಮೊನ್ನೆ ಮನೋಳಿಯಿಂದ ಒಬ್ಬ ಹೆಂಗಸು ಬಂದಿದ್ದಳು. ಮಗಳು ಬಸುರಿ. ಕುಬಸಕ್ಕೆ (ಅದೇ, ಸೀಮಂತಕ್ಕೆ) ತವರಿನಿಂದ ಹಸಿರು ಸೀರೆ, ಹಸಿರು ಜಂಪರ್ ಉಡುಗೊರೆ ಹೋಗಬೇಕು. ಹಸಿರು ಖಣವನ್ನು ವೈನಿಯ ಮಡಿಲಲ್ಲೇ ಇಟ್ಟಳು.

‘ಅಕಿ ಅಳತಿ ನಿಮ್ಮ ಕಡೇನ ಐತಲ್ರಿ ಅಕ್ಕಾರ. ಈಗ ಸ್ವಲ್ಪ ಸಡ್ಲ ಹಿಡೀರಿ, ಅಷ್ಟ.’

ವೈನಿ ಎಡಗೈಯಿಂದ ಖಣದ ಅಂಚು ಸವರಿದರು. ಗಂಟು ಕಳೆದ ಸುದ್ದಿ ಹೇಳುತ್ತಾರೆ ಎಂದುಕೊಂಡೆ. ಇಲ್ಲವೇ ಕೈಯ ಜೋಮಿನ ಮಾತಾದರೂ ಆಡುತ್ತಾರೆ. ಎರಡನ್ನೂ ಹೇಳಲಿಲ್ಲ.

‘ನಾ ಹೊಲಿಯೂದು ಬಿಟ್ಟೇನವಾ’ ಎಂದರು.

ಆಕೆ ಗಲಿಬಿಲಿಯಾಗಿ, ಖಣವನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಿಕೊಂಡು, ಚಹಾ ಕೂಡ ಕುಡಿಯದೆ ಎದ್ದು ಹೋದಳು. ವೈನಿ ಸಂಜೆಯವರೆಗೂ ಆ ಖೋಲಿಯಿಂದ ಹೊರಗೆ ಬರಲಿಲ್ಲ.

ಯಾವ ಸಾಮಾನು ಎಲ್ಲಿಡಬೇಕೆಂದು ಇಷ್ಟು ದಿನ ತಲೆ ಕೆಡಿಸಿಕೊಂಡ ನಮಗೆ, ‘ವೈನಿ, ನಿಮಗ ಇನ್ನೂ ಹೊಲಿಯೋ ಆಸೆ ಐತೇನ್ರಿ?’ ಎಂದು ಒಂದೇ ಒಂದು ಸಲ ಕೇಳಲು ಏನಾಗಿತ್ತು?